ಹಳೆಯ ಸ್ಟ್ರೋಬ್, ಹೊಸ ಹೌಸಿಂಗ್: ತಂತಿಯೋ, ಫೈಬರೋ?

ಹೇಮಾವತಿ ದಂಡೆ (ಹಾಸನ): ನನ್ನ ಸೋದರಮಾವ ನಿಕೋನೋಸ್-5 ಫಿಲಂ ಕ್ಯಾಮೆರಾದೊಂದಿಗೆ ಬಳಸುತ್ತಿದ್ದ ನಿಕಾನ್ ಎಸ್‌ಬಿ-105 ಸ್ಟ್ರೋಬ್ (ನೀರೊಳಗೆ ಬಳಸುವ ಫ್ಲಾಶ್), ಹದಿನೈದು ವರ್ಷ ಅಟ್ಟದ ಮೇಲಿದ್ದು, ಈಗ ನನ್ನ ಕೈಸೇರಿದೆ. ನನ್ನ ನಿಕಾನ್ ಝಡ್6 ಕ್ಯಾಮೆರಾಕ್ಕೆ ಈಚೆಗೆ ಕೊಂಡ, ನೀರು ಹೊಗದಂಥ ಅಲ್ಯೂಮಿನಿಯಂ ಹೌಸಿಂಗ್‌ನಲ್ಲಿ ಬೆಳಕು ಸಾಗಿಸುವ ಫೈಬರ್ ಕೇಬಲಿಗೆಂದು ಎರಡು ಕಿಂಡಿಗಳಿವೆ; ತಂತಿಯ ಸಾಕೆಟ್ ಕೂರಿಸಲು ಬಿರಡೆ ಹಾಕಿದ ತೂತೂ ಒಂದಿದೆ. ಮಳೆಗಾಲ ಕಳೆದ ಮೇಲೆ ನೇತ್ರಾಣಿ ದ್ವೀಪಕ್ಕೆ ಹೋಗುವ ಯೋಚನೆಯಿದೆ. ಇವೆರಡನ್ನೂ ಜೋಡಿಸಿದರೆ ಟಿಟಿಎಲ್ (ಕ್ಯಾಮೆರಾವೇ ಬೆಳಕು ಅಳೆದು ಸ್ಟ್ರೋಬಿನ ಶಕ್ತಿ ನಿರ್ಧರಿಸುವುದು) ಸಿಗುತ್ತದೆಯೇ?

ಕಾಫಿ ಕಣ (ಚಿಕ್ಕಮಗಳೂರು): ಸಿಗುವುದಿಲ್ಲ. ನಿಕೋನೋಸ್ ತಯಾರಿಕೆ 2001ರಲ್ಲೇ ನಿಂತಿತು, ಬಿಡಿಭಾಗಗಳಿಗಾಗಿ ಊರೂರು ಅಲೆಯಬೇಕಾಗುತ್ತದೆ. ಹೌಸಿಂಗಿಗೆ ಅಷ್ಟು ಹಣ ಸುರಿದವರು ಸ್ಟ್ರೋಬ್ ವಿಚಾರದಲ್ಲಿ ಜುಗ್ಗತನ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಮಾವನವರ ನೆನಪಿಗೆ ಅದನ್ನು ಶೋಕೇಸಿನಲ್ಲಿಟ್ಟು ಹೊಸದೊಂದನ್ನು ಕೊಳ್ಳಿ.

ಭದ್ರಾ ಹಿನ್ನೀರು (ಲಕ್ಕವಳ್ಳಿ): ಟಿಟಿಎಲ್ ಸಿಗದು ಎಂಬ ಮಾತು ನಿಜ, ಆದರೆ ಅಷ್ಟಕ್ಕೇ ಶೋಕೇಸಿಗೆ ಕಳಿಸಬೇಕಾಗಿಲ್ಲ. ಫಿಲಂ ಕಾಲದಲ್ಲಿ ಶಟರ್ ತೆರೆದಿರುವಾಗಲೇ ಫಿಲಮ್ಮಿನ ಮೇಲೆ ಬಿದ್ದು ಮರಳಿದ ಬೆಳಕನ್ನು ಕ್ಯಾಮೆರಾ ಅಳೆಯುತ್ತಿತ್ತು, ಸಾಕೆನಿಸಿದ ಕ್ಷಣದಲ್ಲಿ ತಂತಿಯ ಮೂಲಕ ಸ್ಟ್ರೋಬನ್ನು ಆರಿಸುತ್ತಿತ್ತು. ಡಿಜಿಟಲ್ ಕ್ಯಾಮೆರಾ ಶಟರ್ ತೆರೆಯುವ ಮುನ್ನವೇ ಒಂದು ಸಣ್ಣ ಮಿಂಚು ಹಾರಿಸಿ ಲೆಕ್ಕ ಹಾಕಿಬಿಡುತ್ತದೆ. ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದು. ಹಾಗಾಗಿ ತಂತಿಯಲ್ಲೇ ಜೋಡಿಸುವುದಾದರೆ ಐದು ಪಿನ್ನುಗಳಲ್ಲಿ ಅರ್ತ್ ಮತ್ತು ಟ್ರಿಗರ್ ಎರಡನ್ನು ಮಾತ್ರ ಸೇರಿಸಿ, ಟಿಟಿಎಲ್ ಪಿನ್ನನ್ನು ಮುಟ್ಟದೆ ಬಿಟ್ಟು, ಸ್ಟ್ರೋಬನ್ನು ಮ್ಯಾನ್ಯುಯಲ್‌ನಲ್ಲಿಟ್ಟುಕೊಳ್ಳಬೇಕು. ಒಂದಡಿ ದೂರದ ಹವಳಕ್ಕೂ ಮೀನಿಗೂ ನಾನು ಯಾವಾಗಲೂ ಮ್ಯಾನ್ಯುಯಲ್‌ನಲ್ಲೇ ತೆಗೆಯುತ್ತೇನೆ. ಮೊದಲ ಚಿತ್ರ ನೋಡಿ ಅಪರ್ಚರ್ ತಿರುಗಿಸಿಕೊಂಡರೆ ಎರಡನೆಯದು ಸರಿಯಾಗುತ್ತದೆ.

ಕಾಫಿ ಕಣ: ಮೇಡಂ, ಹಳೆಯ ಫ್ಲಾಶುಗಳಲ್ಲಿ ಕೆಲವಕ್ಕೆ ಟ್ರಿಗರ್ ವೋಲ್ಟೇಜು ನೂರಾರು ವೋಲ್ಟ್ ಇರುತ್ತದೆ, ಐಎಸ್ಒ ಮಾನದಂಡ ಹೇಳುವುದು 24 ವೋಲ್ಟ್. ಮೀಟರ್ ಹಿಡಿದು ನೋಡದೆ ತಂತಿ ಸಿಕ್ಕಿಸಿ ಕ್ಯಾಮೆರಾ ಕೆಟ್ಟರೆ ಯಾರು ಹೊಣೆ?

ಭದ್ರಾ ಹಿನ್ನೀರು: ಒಪ್ಪಿದೆ. ತಂತಿಗಿಂತ ಫೈಬರ್ ಮೇಲು ಎನ್ನುವುದಕ್ಕೆ ಅದೂ ಒಂದು ಕಾರಣ.

ಬಿಸಿಲೆ ಮಂಜು (ಸಕಲೇಶಪುರ): ಫೈಬರ್ ಎಂದೊಡನೆ ಕೆಲಸ ಮುಗಿಯಲಿಲ್ಲ. ಝಡ್6ನಲ್ಲಿ ಸ್ವಂತ ಫ್ಲಾಶ್ ಇಲ್ಲ. ಹೌಸಿಂಗಿನೊಳಗೆ ಹಾಟ್ ಶೂ (ಕ್ಯಾಮೆರಾದ ನೆತ್ತಿಯಲ್ಲಿ ಫ್ಲಾಶ್ ಸಿಕ್ಕಿಸುವ ಜಾಗ) ಮೇಲೆ ಕೂರುವ ಎಲ್ಇಡಿ ಟ್ರಿಗರ್ ಬೇಕು, ಅದೂ ಮುನ್ಮಿಂಚು ಕೊಡದ ಮ್ಯಾನ್ಯುಯಲ್ ಬಗೆಯಲ್ಲಿ. ಎಸ್‌ಬಿ-105ರ ಸ್ಲೇವ್ ಕಣ್ಣನ್ನು ಮಾಡಿರುವುದು ನೀರಿನಲ್ಲಿ ಹಾರುವ ಇನ್ನೊಂದು ಸ್ಟ್ರೋಬಿನ ಬೆಳಕು ಹಿಡಿಯಲು. ಅದನ್ನು ಹಾಗೇ ತೆರೆದಿಟ್ಟರೆ ನೇತ್ರಾಣಿಯಲ್ಲಿ ಪಕ್ಕದವರು ಕ್ಲಿಕ್ಕಿಸಿದಾಗಲೆಲ್ಲ ನಿಮ್ಮದೂ ಮಿಂಚುತ್ತದೆ, ನೀವು ಒತ್ತುವ ಹೊತ್ತಿಗೆ ಚಾರ್ಜ್ ಇರುವುದಿಲ್ಲ. ಫೈಬರಿನ ತುದಿಯನ್ನು ಆ ಕಣ್ಣಿಗೆ ಎದುರಾಗಿ ನಿಲ್ಲಿಸಿ ಸುತ್ತಲೂ ಕಪ್ಪಾಗಿ ಮುಚ್ಚಬೇಕು. ನಾನು ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ಕಟ್ಟಿದ್ದೆ, ನೋಡಲು ಚೆನ್ನಾಗಿರಲಿಲ್ಲ, ಕೆಲಸ ಮಾಡಿತು. ಶಟರನ್ನು 1/200 ಸೆಕೆಂಡಿಗಿಂತ ವೇಗಕ್ಕೆ ಏರಿಸಬೇಡಿ.

ಇನ್ನೊಂದು ಮಾತು. ಹದಿನೈದು ವರ್ಷ ಮಲಗಿದ್ದ ಕೆಪಾಸಿಟರ್ ಸೋಮಾರಿಯಾಗಿರುತ್ತದೆ. ಹೊಸ ಸೆಲ್ ಹಾಕಿ, ರೆಡಿ ದೀಪ ಹತ್ತಿದ ಮೇಲೂ ಸ್ವಲ್ಪ ಹೊತ್ತು ಬಿಟ್ಟು, ಕಡಿಮೆ ಶಕ್ತಿಯಲ್ಲಿ ನಿಧಾನವಾಗಿ ಹಾರಿಸುತ್ತಾ ಬನ್ನಿ. ನೀರು ಒಳಗಿಳಿಯದಂತೆ ತಡೆಯುವ ರಬ್ಬರ್ ಬಳೆ, ಓ-ರಿಂಗ್, ಹಳೆಯದನ್ನು ನಂಬಲೇಬೇಡಿ.

ಕಾಫಿ ಕಣ: ಇಷ್ಟೆಲ್ಲ ಸರ್ಕಸ್ ಮಾಡಿಯೂ ಕೊನೆಗೆ ಉಳಿಯುವುದು ಒಂದೇ ಸ್ಟ್ರೋಬ್, ಸಣ್ಣ ಬೆಳಕು. ಅಗಲದ ಬಂಡೆ ತೆಗೆಯಲು ಅದು ಸಾಲದು; ಹೊಸದನ್ನು ಕೊಳ್ಳಿ ಎಂಬ ನನ್ನ ಮಾತನ್ನು ಹಿಂದಕ್ಕೆ ಪಡೆಯುವುದಿಲ್ಲ.

ಭದ್ರಾ ಹಿನ್ನೀರು: ಅಗಲಕ್ಕೆ ಸಾಲದು, ಹತ್ತಿರಕ್ಕೆ ಸಾಕು. ನೀರು ಮೊದಲು ನುಂಗುವುದು ಕೆಂಪನ್ನು. ಅದನ್ನು ಮರಳಿ ತರಲು ಒಂದಡಿಯಲ್ಲಿ ಸಣ್ಣ ಬೆಳಕೂ ಆಗುತ್ತದೆ. ಸ್ಟ್ರೋಬನ್ನು ಲೆನ್ಸಿನಿಂದ ದೂರ ಪಕ್ಕಕ್ಕೆ ಚಾಚಿ ಹಿಡಿಯುವುದನ್ನು ಮಾತ್ರ ಮರೆಯಬಾರದು; ಮಳೆ ಬಿದ್ದ ವಾರ ಶೆಟ್ಟಿಹಳ್ಳಿ ಇಗರ್ಜಿಯ ಬಳಿಯ ಹಿನ್ನೀರಿನಲ್ಲಿ ಲೆನ್ಸಿಗೆ ಅಂಟಿಸಿ ಹಿಡಿದು ನೋಡಿದರೆ, ತೇಲುವ ಮಣ್ಣಿನ ಕಣಗಳೆಲ್ಲ ಹಿಟ್ಟು ಚೆಲ್ಲಿದಂತೆ ಬೆಳ್ಳಗೆ ಹೊಳೆಯುವುದು ಕಾಣುತ್ತದೆ.

ಹೇಮಾವತಿ ದಂಡೆ: ಮೂವರಿಗೂ ವಂದನೆಗಳು. ಹೊಸ ಓ-ರಿಂಗಿಗೆ ಗ್ರೀಸ್ ಸವರಿ, ಸೆಲ್ ಹಾಕುವ ಜಾಗದಲ್ಲಿ ಟಿಶ್ಯೂ ಕಾಗದ ಇಟ್ಟು, ಸ್ಟ್ರೋಬನ್ನು ಬಚ್ಚಲಿನ ಹಂಡೆಯಲ್ಲಿ ಇಡೀ ರಾತ್ರಿ ಮುಳುಗಿಸಿದ್ದೆ. ಬೆಳಿಗ್ಗೆ ಕಾಗದ ಗರಿಗರಿಯಾಗಿಯೇ ಇತ್ತು. ಟ್ರಿಗರ್ ಒಂದನ್ನು ಸ್ನೇಹಿತರಿಂದ ಎರವಲು ತಂದೆ. ದೀಪ ಆರಿಸಿದ ಬಚ್ಚಲಿನಲ್ಲಿ ಇಪ್ಪತ್ತಕ್ಕೆ ಇಪ್ಪತ್ತೂ ಹಾರಿತು. ಬಿಸಿಲಿನಲ್ಲಿ, ಸಂಪಿನ ಪಕ್ಕ, ಏಳು ಸಲ ಕೈಕೊಟ್ಟಿತು. ಟ್ಯೂಬಿನ ತುಂಡನ್ನು ಇನ್ನೊಂದು ಸುತ್ತು ಬಿಗಿದ ಮೇಲೆ ಒಂದೂ ತಪ್ಪಲಿಲ್ಲ. ಸದ್ಯಕ್ಕೆ ತಂತಿಯ ತೂತಿನ ಬಿರಡೆಯನ್ನು ತೆಗೆಯುವುದಿಲ್ಲ.