ಪದಚರ್ಚೆ: ಡ್ಯಾನಿಶ್ ಕ್ರಿಯಾಪದದ ಮುಂದಿನ 'ಒ'ಗೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಡೆನ್ಮಾರ್ಕಿಗೆ ಹೊಸದಾಗಿ ಬರುವ ಕನ್ನಡಿಗರಿಗಾಗಿ ಡ್ಯಾನಿಶ್ ವ್ಯಾಕರಣದ ಟಿಪ್ಪಣಿಗಳನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಕೆಲಸ ನಿಂತಿದೆ. ಇಂಗ್ಲಿಷಿನಲ್ಲಿ 'ಟು ರೀಡ್' ಎನ್ನುವಾಗ ಬರುವ 'ಟು'ವಿನ ಜಾಗದಲ್ಲಿ ಡ್ಯಾನಿಶರು ಎ, ಟಿ ಎಂಬ ಎರಡಕ್ಷರದ ಪುಟ್ಟ ಪದವನ್ನು ಬರೆಯುತ್ತಾರೆ. ಓದುವಾಗ ಮಾತ್ರ ಅದು ಬರಿಯ 'ಒ'. 'ಮತ್ತು' ಎಂಬರ್ಥದ ಪದವನ್ನು ಓ, ಜಿ ಎಂದು ಬರೆಯುತ್ತಾರೆ. ಅದರ ಉಚ್ಚಾರವೂ 'ಒ'. ಹಾಗಾಗಿ ಡ್ಯಾನಿಶ್ ಮನೆಮಾತಿನವರೇ ಇವೆರಡನ್ನು ಬರೆಯುವಾಗ ಅದಲುಬದಲು ಮಾಡುತ್ತಾರೆ. ನಾರ್ವೆಯವರಿಗೂ ಈ ಗೊಂದಲ ತಪ್ಪಿದ್ದಲ್ಲ. ಅವರು ಎ-ಟಿಯ ಜಾಗದಲ್ಲಿ ತಲೆಯ ಮೇಲೆ ಸೊನ್ನೆಯಿರುವ ಎ ಅಕ್ಷರವೊಂದನ್ನೇ ಬರೆಯುತ್ತಾರೆ.

ಕಿವಿ ಕೈಕೊಟ್ಟಾಗ ನೆರವಿಗೆ ಬರುವುದು ಭೂತಕಾಲ. 'ಯಾಯ್ ಸಿದರ್ ಒ ಲೇಸರ್' ಎಂದರೆ ಕೂತು ಓದುತ್ತಿದ್ದೇನೆ. ಇದನ್ನು ನಿನ್ನೆಯ ಮಾತಾಗಿಸಿದರೆ 'ಸಾದ್ ಒ ಲೇಸ್ತ'. ಎರಡು ಕ್ರಿಯಾಪದಗಳೂ ಬದಲಾದವು, ಆದ್ದರಿಂದ ನಡುವಿನದು 'ಮತ್ತು'. 'ಯಾಯ್ ಲೋವರ್ ಒ ಲೇಸ' ಎಂದರೆ ಓದುತ್ತೇನೆಂದು ಮಾತು ಕೊಡುತ್ತೇನೆ. ಭೂತಕಾಲದಲ್ಲಿ 'ಲೋವೆದ ಒ ಲೇಸ'. 'ಲೇಸ' ಇದ್ದಂತೆಯೇ ಇದೆ. ಹಾಗಾದರೆ ಇದು ನಮ್ಮ ಎ-ಟಿ. ಮೊದಲ ವಾಕ್ಯದಲ್ಲಿ 'ಮತ್ತು' ಏಕೆ ಬಂತು ಎಂದು ನಾನು ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ಆಮೇಲೆ ಹೊಳೆಯಿತು: ನಾವು 'ಕೂತು ಓದು', 'ನಿಂತು ಮಾತಾಡು' ಎಂದು ಭೂತಕೃದಂತದಲ್ಲಿ ಪೋಣಿಸುವುದನ್ನು ಅವರು 'ಮತ್ತು' ಹಾಕಿ ಪೋಣಿಸುತ್ತಾರೆ.

ಇನ್ನೊಂದು ನಿಯಮವಂತೂ ಕನ್ನಡಿಗರಿಗೆ ಸಲೀಸು. ಕ್ಯಾನ್, ಸ್ಕಲ್, ವಿಲ್, ಮೋ ಮುಂತಾದ ಸಹಾಯಕ ಕ್ರಿಯಾಪದಗಳ ನಂತರ ಈ 'ಒ' ಬರಕೂಡದು. ನಮ್ಮಲ್ಲೂ ಓದಬಲ್ಲೆ, ಓದಬೇಕು, ಓದಬಹುದು; 'ಓದಲು ಬೇಕು' ಎಂದು ಯಾರೂ ಅನ್ನುವುದಿಲ್ಲ. ನಾನು ಮೊದಲ ವರ್ಷವಿಡೀ, ಬಯಸು ಎಂಬರ್ಥದ 'ವಿಲ್' ಆದಮೇಲೆ ಎ-ಟಿ ಬರೆದು ಕೆಂಪು ಗೆರೆ ಹಾಕಿಸಿಕೊಂಡೆ. 'ವಾಂಟ್ ಟು' ಎಂಬ ಇಂಗ್ಲಿಷ್ ಅಭ್ಯಾಸ ಕೈಯನ್ನು ಎಳೆಯುತ್ತಿತ್ತು. ಕನ್ನಡದಲ್ಲಿ ಯೋಚಿಸಿದ್ದರೆ ಆ ತಪ್ಪು ಆಗುತ್ತಲೇ ಇರಲಿಲ್ಲ. ಈ ಟಿಪ್ಪಣಿಗಳನ್ನು ಇಂಗ್ಲಿಷಿನ ಹಂಗಿಲ್ಲದೆ ಬರೆಯಬೇಕೆಂಬ ಹಟ ಹುಟ್ಟಿದ್ದು ಅಲ್ಲಿಂದಲೇ. (ಅಗತ್ಯವಿದೆ ಎಂಬರ್ಥದ 'ಬೆಹೋವರ್' ನಂತರ ಎ-ಟಿ ಇದ್ದರೂ ಸರಿ, ಬಿಟ್ಟರೂ ಸರಿ.)

ಉದ್ದೇಶ ಹೇಳುವಾಗ ಎ-ಟಿಯ ಹಿಂದೆ 'ಫಾರ್' ಎಂಬ ಇನ್ನೊಂದು ಪದ ಸೇರುತ್ತದೆ. ಓದಲಿಕ್ಕೆ ಮನೆಗೆ ಹೋಗುತ್ತೇನೆ ಎಂಬುದರ 'ಓದಲಿಕ್ಕೆ' ಅವರಲ್ಲಿ 'ಫಾರ್ ಒ ಲೇಸ'. ನಮ್ಮ ಚತುರ್ಥಿಯ 'ಕ್ಕೆ' ಮಾಡುವ ಕೆಲಸವನ್ನು ಅಲ್ಲಿ 'ಫಾರ್' ಮಾಡುತ್ತದೆ. ಈ ಹೋಲಿಕೆ ಕಂಡ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಈಗ ಹೆಸರಿನ ಪ್ರಶ್ನೆ. ನಮ್ಮ ಶಾಲಾ ವ್ಯಾಕರಣ ಮಾಡಲು, ಮಾಡಲಿಕ್ಕೆ ಎಂಬ ರೂಪಗಳನ್ನು ಕೃದಂತಾವ್ಯಯ ಎನ್ನುತ್ತದೆ. ಡ್ಯಾನಿಶಿನ ಈ ರೂಪಕ್ಕೂ ವಿಭಕ್ತಿ ಹತ್ತುವುದಿಲ್ಲ, ಆದ್ದರಿಂದ 'ಕೃದಂತಾವ್ಯಯ ಸೂಚಕ' ಎನ್ನಬಹುದೆಂದು ಮೊದಲು ಅಂದುಕೊಂಡೆ. ಆದರೆ 'ಒ ಸ್ವೆಮ್ಮ ಎರ್ ಸುಂಟ್' ಎಂಬ ವಾಕ್ಯ ಎದುರಾಯಿತು. ಈಜುವುದು ಆರೋಗ್ಯಕ್ಕೆ ಒಳ್ಳೆಯದು ಎಂದು ಅದರರ್ಥ. ಇಲ್ಲಿ ಅದೇ ರೂಪ ಕರ್ತೃಸ್ಥಾನದಲ್ಲಿ ಕೂತಿದೆ, ಕನ್ನಡದಲ್ಲಿ 'ಈಜಲು' ಎಂದರೆ ನಡೆಯುವುದಿಲ್ಲ. ಈಜುವುದು, ಈಜುವಿಕೆ, ಈಜು ಇವೆಲ್ಲ ಭಾವನಾಮದ ಬಳಗ. ಡ್ಯಾನಿಶರ ಹಳೆಯ ಪರಿಭಾಷೆಯಲ್ಲಿ ಈ ರೂಪದ ಹೆಸರು 'ನಾವ್ನಮೋದ', ಪದಶಃ 'ಹೆಸರಿನ ರೀತಿ'. ಅವರೂ ಇದನ್ನು ಕ್ರಿಯೆಯ ಹೆಸರೆಂದೇ ಕಂಡಿದ್ದಾರೆ.

'ಅಲು ಪ್ರತ್ಯಯ' ಎಂದು ಕರೆಯುವುದಂತೂ ನನಗೆ ಒಪ್ಪಿಗೆಯಿಲ್ಲ. ನಮ್ಮದು ಧಾತುವಿನ ಬೆನ್ನಿಗೆ ಅಂಟುವ ಪ್ರತ್ಯಯ. ಅವರದು ಮುಂದೆ ಬಿಡಿಯಾಗಿ ನಿಲ್ಲುವ ಪದ. ಸದ್ಯಕ್ಕೆ 'ಕ್ರಿಯಾನಾಮದ ಗುರುತು' ಎಂದು ಬರೆದಿಟ್ಟುಕೊಂಡಿದ್ದೇನೆ. ಭಾವನಾಮ ಎಂದರೆ ಓದುಗರು ವಿಭಕ್ತಿ ಹಚ್ಚಲು ಹೊರಟಾರೆಂಬ ಅಳುಕಿನಿಂದ ಆ ಪದ ಬಿಟ್ಟೆ.

ಬಲ್ಲವರಲ್ಲಿ ಎರಡು ಕೇಳಿಕೆ. 'ಕ್ರಿಯಾನಾಮ'ಕ್ಕೆ ಕನ್ನಡ ವ್ಯಾಕರಣದಲ್ಲಿ ಬೇರೆ ಅರ್ಥ ಈಗಾಗಲೇ ರೂಢಿಯಲ್ಲಿದೆಯೆ? ಎರಡನೆಯದು: 'ಇಲ್ಲಿ ಈಜಲಿಕ್ಕೆ ಕಷ್ಟ', 'ಇಲ್ಲಿ ಈಜುವುದು ಕಷ್ಟ' ಎರಡೂ ನನ್ನ ಕಿವಿಗೆ ಸರಿ. ಆದರೆ 'ಈಜಲಿಕ್ಕೆ ಒಳ್ಳೆಯದು' ಎಂದರೆ ನನಗೆ ಕೆರೆಯ ಮಾತಾಗಿ ಕೇಳುತ್ತದೆಯೇ ಹೊರತು ಈಜಿನ ಮಾತಾಗಿ ಅಲ್ಲ. ನಿಮ್ಮ ಊರ ಕಡೆ, ಕರಾವಳಿಯಲ್ಲಾಗಲಿ ಧಾರವಾಡದ ಕಡೆಯಾಗಲಿ, ಹೀಗೆಯೇ ಕೇಳುತ್ತದೆಯೆ?