ರಿಟೈರ್ ಆದ ಅಪ್ಪನಿಗೆ ಮೊಬೈಲ್ ಕಮ್ಮಿ ಮಾಡಿ ಅಂತ ಹೇಳೋದ್ ಹೇಗೆ?

ಸಾಗರದ ಮಾಣಿ:
ಎಲ್ರಿಗೂ ನಮಸ್ಕಾರ. ಮಕ್ಕಳ ಕೈಯಿಂದ ಮೊಬೈಲ್ ಬಿಡ್ಸೋದ್ ಹೇಗೆ ಅಂತ ಕೇಳೋರು ಬೇಕಾದಷ್ಟು ಜನ ಇದಾರೆ, ನಂದು ಉಲ್ಟಾ ಕೇಸು, ಅಪ್ಪಂದು. ಕೆಇಬಿಯಲ್ಲಿ ಲೈನ್‌ಮನ್ ಆಗಿದ್ರು (ಈಗ ಮೆಸ್ಕಾಂ, ನಮ್ಮನೇಲಿ ಇನ್ನೂ ಕೆಇಬಿ ಅಂತಾನೇ ಅನ್ನೋದು), ರಿಟೈರ್ ಆಗಿ ಊರಲ್ಲಿ ಅಮ್ಮ ಅಪ್ಪ ಇಬ್ರೇ ಇದಾರೆ, ನಾನು ಬೆಂಗಳೂರಲ್ಲಿ. ಊಟಕ್ಕೆ ಕೂತ್ರೆ ಫೋನನ್ನ ಸಾರಿನ ಪಾತ್ರೆಗೆ ಒರಗಿಸಿ ಇಟ್ಕೋತಾರೆ, ವಾಲ್ಯೂಮ್ ಫುಲ್ಲು, ಒಂದು ವಿಡಿಯೋನೂ ಪೂರ್ತಿ ನೋಡಲ್ಲ, ಒಂಚೂರು ರಾಜಕೀಯ, ಆಮೇಲೆ ಯಾರೋ ಮಂಡಿನೋವಿಗೆ ಮೆಂತ್ಯ ನೆನೆಸಿ ಕುಡೀರಿ ಅನ್ನೋದು, ಆಮೇಲೆ ಅತ್ತೆ ಸೊಸೆ ಜಗಳ, ಹೆಬ್ಬೆರಳು ಮಾತ್ರ ತಳ್ತಾನೇ ಇರುತ್ತೆ. ರಾತ್ರಿ ಹನ್ನೆರಡು ಹೊಡೆದ್ರೂ ಮಲಗಿದಲ್ಲೇ ಅದೇ ಸದ್ದು. ಅಮ್ಮಂಗೆ ನಿದ್ದೆ ಇಲ್ಲ, ಅವಳು ಆಚೆ ರೂಮಲ್ಲಿ ಚಾಪೆ ಹಾಸ್ಕೊಂಡು ಮಲಗೋಕೆ ಶುರು ಮಾಡಿದಾಳೆ.

ಫೋನ್ ಬೇಡ ಅನ್ನೋ ಹಾಗೂ ಇಲ್ಲ. ಅಲಾರಂ ಅದರಲ್ಲೇ, ಪಂಚಾಂಗ ಅದರಲ್ಲೇ, ಮಾಮ್ಕೋಸ್ (ನಮ್ಮ ಕಡೆ ಅಡಿಕೆ ಮಾರಾಟದ ಸೊಸೈಟಿ) ಅಡಿಕೆ ರೇಟು ಬರೋದು ವಾಟ್ಸಾಪ್ ಗ್ರೂಪಲ್ಲಿ, ಪೆನ್ಷನರ್ಸ್ ಗ್ರೂಪ್ ಬೇರೆ. ಹೇಳೋಕೆ ಹೋದ್ರೆ "ನೀನೂ ಹಗಲೂರಾತ್ರಿ ಅದರ ಮುಂದೇ ಕೂತಿರ್ತೀಯಲ್ಲ, ನಾನೇನು ನಿನ್ನ ಕೇಳಿದೀನಾ" ಅಂತಾರೆ. ಆಫೀಸ್ ಫ್ರೆಂಡ್ ಒಬ್ಬ ಫ್ಯಾಮಿಲಿ ಲಿಂಕ್ (ಇನ್ನೊಬ್ಬರ ಫೋನನ್ನ ದೂರದಿಂದ ಕಂಟ್ರೋಲ್ ಮಾಡೋ ಗೂಗಲ್ ಆ್ಯಪ್) ಹಾಕಿ ಒಂಬತ್ತು ಗಂಟೆಗೆ ಲಾಕ್ ಮಾಡ್ಬಿಡು ಅಂದ. ಯಾರಾದ್ರೂ ಹಾಗೆ ಮಾಡಿದೀರಾ?

ಘಟ್ಟದ ಕೆಳಗಿನವ:
ಮಾರಾಯ್ರೆ ಬಿಡಿ ಅವರನ್ನ. ಜನ್ಮವಿಡೀ ಮಳೆಗಾಲದಲ್ಲಿ ಕಂಬ ಹತ್ತಿದ ಮನುಷ್ಯ, ಈಗ ಕೂತು ಎರಡು ರೀಲ್ಸ್ ನೋಡಿದ್ರೆ ಏನು ಗಂಟು ಹೋಗುತ್ತೆ? ಕುಡಿಯೋದಿಲ್ಲ, ಇಸ್ಪೀಟಿಲ್ಲ. ನಿಮ್ಮಮ್ಮನ ನಿದ್ದೆ ಒಂದೇ ಸಮಸ್ಯೆ ಆದ್ರೆ ಇಯರ್‌ಫೋನ್ ತೆಗೆದುಕೊಡಿ, ಮುಗೀತು.

ಸೆಟ್ಟಿಂಗ್ಸ್ ಶೆಟ್ಟಿ:
ಮೊದಲು ಆ ಫ್ರೆಂಡಿಗೆ ಹೇಳಿ, ಫ್ಯಾಮಿಲಿ ಲಿಂಕ್ ಇರೋದು ಮಕ್ಕಳು ಮತ್ತೆ ಹದಿಹರೆಯದವರ ಅಕೌಂಟಿಗೆ, ದೊಡ್ಡವರ ಗೂಗಲ್ ಅಕೌಂಟಿಗೆ ಅದನ್ನ ಹಾಕೋಕೇ ಬರಲ್ಲ. ಬಂದ್ರೂ ಅಪ್ಪನ ಫೋನನ್ನ ಬೆಂಗಳೂರಿಂದ ಲಾಕ್ ಮಾಡೋದು ಚೆನ್ನಾಗಿರಲ್ಲ, ರಾತ್ರಿ ಯಾರಿಗಾದ್ರೂ ಹುಷಾರು ತಪ್ಪಿದ್ರೆ ಅವರು ಲಾಕ್ ಆಗಿರೋ ಫೋನ್ ಹಿಡ್ಕೊಂಡು ತಡಕಾಡೋ ಹಾಗಾಗುತ್ತೆ.

ಆಂಡ್ರಾಯ್ಡ್ ಆದ್ರೆ ಸೆಟ್ಟಿಂಗ್ಸಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಅಂತ ಇದೆ, ಯಾವ ಆ್ಯಪ್ ಎಷ್ಟೊತ್ತು ನೋಡಿದ್ರು, ಎಷ್ಟು ಸಲ ಅನ್‌ಲಾಕ್ ಮಾಡಿದ್ರು ಎಲ್ಲಾ ತೋರಿಸುತ್ತೆ. ನೀವು ಭಾಷಣ ಮಾಡ್ಬೇಡಿ, ಅದನ್ನ ಅವರ ಕೈಗೆ ಕೊಟ್ಟು ಸುಮ್ನಿರಿ. ಆ್ಯಪ್ ಟೈಮರ್ ಅದರಲ್ಲೇ ಇದೆ ಆದ್ರೆ ಅವರಿಗೆ ಬೇಡ ಅನ್ಸಿದ್ರೆ ಅವರೇ ತೆಗೀಬಹುದು, ಹಾಗಾಗಿ ಅವರು ಒಪ್ಪದೆ ಹಾಕಿದ್ರೆ ಅದು ದಂಡ. ಅದಕ್ಕಿಂತ ಬೆಡ್‌ಟೈಮ್ ಮೋಡ್ ವಾಸಿ, ಹೇಳಿದ ಟೈಮಿಗೆ ಸ್ಕ್ರೀನ್ ಕಪ್ಪುಬಿಳುಪಾಗುತ್ತೆ, ನೋಟಿಫಿಕೇಷನ್ ಸದ್ದು ನಿಲ್ಲುತ್ತೆ, ನಿಮ್ಮ ನಂಬರ್‌ನ ಸ್ಟಾರ್ ಮಾಡಿಟ್ರೆ ನಿಮ್ಮ ಕಾಲ್ ಮಾತ್ರ ಬರೋ ಹಾಗೆ ಮಾಡ್ಬಹುದು. ಬಣ್ಣ ಹೋದ ರೀಲ್ಸ್ ನೋಡೋಕೆ ನಿಜವಾಗ್ಲೂ ಬೋರು.

ಇನ್ನೊಂದು, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಯೂಟ್ಯೂಬಲ್ಲಿ ವಾಚ್ ಹಿಸ್ಟರಿ ಅಳಿಸಿ ಆಫ್ ಮಾಡಿ. 2023ರಿಂದ ಹಿಸ್ಟರಿ ಇಲ್ದಿದ್ರೆ ಹೋಮ್ ಪೇಜ್ ಖಾಲಿ ಹೊಡೆಯುತ್ತೆ, ಎಳೆಯೋಕೆ ಏನೂ ಇರಲ್ಲ. ಅವರಿಗೆ ಬೇಕಾದ ಯಕ್ಷಗಾನದ ಚಾನೆಲ್ಲೋ ತೋಟದ ಚಾನೆಲ್ಲೋ ಸಬ್‌ಸ್ಕ್ರೈಬ್ ಮಾಡಿಕೊಡಿ, ಸಬ್‌ಸ್ಕ್ರಿಪ್ಷನ್ಸ್ ಟ್ಯಾಬ್‌ಗೆ ಹೋಗಿ ನೋಡಲಿ. ಆಟೋಪ್ಲೇ ಆಫ್. ವಾಟ್ಸಾಪಲ್ಲಿ ಅಡಿಕೆ ಗ್ರೂಪ್ ಬಿಟ್ಟು ಉಳಿದ ಗ್ರೂಪುಗಳನ್ನ ಮ್ಯೂಟ್ ಮಾಡಿ ಆರ್ಕೈವ್‌ಗೆ ಹಾಕಿ, ಫೋಟೋ ವಿಡಿಯೋ ತಾನಾಗೇ ಡೌನ್‌ಲೋಡ್ ಆಗೋದನ್ನೂ ನಿಲ್ಸಿ. ಫೇಸ್‌ಬುಕ್ ಒಂದೇ ತಲೆನೋವು, ರೀಲ್ಸ್ ಪೂರ್ತಿ ತೆಗೆಯೋಕೆ ಬಿಡಲ್ಲ ಪುಣ್ಯಾತ್ಮರು. ಆ್ಯಪ್ ತೆಗೆದು ಬ್ರೌಸರಲ್ಲಿ ಓಪನ್ ಮಾಡೋ ಹಾಗೆ ಮಾಡಿ, ಅದು ಎಷ್ಟು ಕಿರಿಕಿರಿ ಅಂದ್ರೆ ಅರ್ಧ ಆಸೆ ಅಲ್ಲೇ ಹೋಗುತ್ತೆ.

ಧಾರವಾಡದ ವೈನಿ:
ನಮ್ಮ ಮಾವನೋರ್ದೂ ಹಿಂಗ ಇತ್ರೀ. ಸೆಟ್ಟಿಂಗ್ ಎಲ್ಲಾ ನಮ್ಮನಿಯವ್ರು ಮಾಡಿದ್ರು, ಖರೆ ಹೇಳ್ಬೇಕಂದ್ರ ಅದರಿಂದ ಅಷ್ಟೇನ್ ಉಪಯೋಗ ಆಗ್ಲಿಲ್ಲ, ಪಕ್ಕದ್ಮನಿ ಹುಡುಗನ ಕಡೆ ಹೋಗಿ ತೆಗಿಸ್ಕೊಂಡ್ ಬಂದ್ರು. ಉಪಯೋಗ ಆಗಿದ್ದು ಏನಂದ್ರ, ಊಟದ್ ಹೊತ್ತಿಗೆ ಮನಿಯಾಗ ಯಾರ ಕೈಯಾಗೂ ಫೋನ್ ಇರಂಗಿಲ್ಲ ಅಂತ ಮಾಡಿದ್ವಿ. ಯಾರದೂ ಅಂದ್ರ ಯಾರದೂ ಇಲ್ಲ, ನಮ್ಮನಿಯವ್ರ ಆಫೀಸ್ ಫೋನ್ ಸೈತ. ಸಾಂಗ್ಲಿ ಜಿಲ್ಲಾದಾಗ ಮೋಹಿತ್ಯಾಂಚೆ ವಡಗಾಂವ್ ಅಂತ ಒಂದ್ ಊರೈತಿ ನೋಡ್ರಿ, 2022ರಾಗ ಅಲ್ಲಿ ಊರಿಗೂರೇ ಶುರು ಮಾಡ್ತು, ಸಂಜಿ 7ಕ್ಕ ಸೈರನ್ ಹೊಡೀತಾರ, ಎಂಟೂವರಿ ತನಕ ಟಿವಿ ಮೊಬೈಲ್ ಬಂದ್. ಹುಡುಗ್ರು ಓದ್ಲಿ ಅಂತ ಮಾಡಿದ್ದು, ಆದ್ರ ದೊಡ್ಡೋರೂ ಬಂದ್ ಮಾಡ್ತಾರ, ಅದಕ್ಕ ನಡದೈತಿ. ನೀವು ಊರಿಗೆ ಹೋದಾಗ ನಿಮ್ಮ ಲ್ಯಾಪ್‌ಟಾಪ್ ಮೊದ್ಲ ಮುಚ್ಚಿಡ್ರಿ, ಆಮ್ಯಾಲ ಅಪ್ಪಾರಿಗೆ ಹೇಳ್ರಿ.

ಪೋಸ್ಟ್ ಮಾಸ್ಟರ್ (ನಿವೃತ್ತ):
ನಾನೂ ಪೆನ್ಷನ್ ತಗೊಳ್ಳೋ ಮನುಷ್ಯ, ಹಾಗಾಗಿ ನಿಮ್ಮ ತಂದೆಯವರ ಕಡೆಯಿಂದ ಎರಡು ಮಾತು. ವಾಲ್ಯೂಮ್ ಫುಲ್ ಅಂತ ಬರೆದಿದ್ದೀರಿ. ಅವರ ಕಿವಿ ತೋರಿಸಿದ್ದೀರಾ? ನನಗೂ ಮನೇಲಿ ದಿನಾ ಬೈಗುಳ, ಆಮೇಲೆ ನೋಡಿದ್ರೆ ಎಡಗಿವಿ ಮಂದ ಆಗಿತ್ತು. ಕಿವಿ ಕೇಳದವನಿಗೆ ಜಗಲಿಯಲ್ಲಿ ನಾಲ್ಕು ಜನರ ಜೊತೆ ಕೂತು ಮಾತಾಡೋದೇ ಕಷ್ಟ ಆಗುತ್ತೆ, ಒಬ್ಬರು ಹೇಳಿದ್ದು ಕೇಳಲ್ಲ, ಇನ್ನೊಂದ್ಸಲ ಹೇಳಿ ಅನ್ನೋಕೆ ನಾಚಿಕೆ, ಫೋನಾದ್ರೆ ಸೌಂಡ್ ಏರಿಸಿಕೊಂಡ್ರಾಯ್ತು. ಇಯರ್‌ಫೋನ್ ಕೊಡಿ ಅಂದವರು ಸ್ವಲ್ಪ ತಡೀರಿ, ಮೊದಲೇ ಮಂದ ಇರೋ ಕಿವಿಗೆ ಜೋರಾಗಿ ಹಾಕ್ಕೊಂಡ್ರೆ ಇನ್ನೂ ಹಾಳು. ತಾಲ್ಲೂಕು ಆಸ್ಪತ್ರೆಯಲ್ಲಿ ಇಎನ್‌ಟಿ ಡಾಕ್ಟರ್ ಇದ್ರೆ ಅಲ್ಲೇ ತೋರಿಸಿ, ಇಲ್ಲಾಂದ್ರೆ ಶಿವಮೊಗ್ಗ.

ಎರಡನೇದು, ಚಾರ್ಜರ್ ಮಲಗೋ ಕೋಣೆಯಿಂದ ಹೊರಗೆ ಬರಬೇಕು. ಅವರು ಲೈನ್‌ಮನ್ ಅಲ್ವಾ, ಹಾಲಲ್ಲಿ ದೇವರ ಗೂಡಿನ ಹತ್ರ ಒಂದು ಪ್ಲಗ್ ಪಾಯಿಂಟ್ ಬೇಕಿತ್ತು ಅಪ್ಪ, ಎಲ್ಲರ ಫೋನೂ ರಾತ್ರಿ ಅಲ್ಲೇ ಹಾಕೋಣ ಅಂತ ಅವರ ಕೈಯಲ್ಲೇ ವೈರಿಂಗ್ ಮಾಡಿಸಿ. ನಮ್ಮಂಥವರಿಗೆ ಕೆಲಸ ಹೇಳಿದ್ರೆ ಮಾಡ್ತೀವಿ, ಬುದ್ಧಿ ಹೇಳಿದ್ರೆ ಸಿಟ್ಟು ಬರುತ್ತೆ.

ಸಾಗರದ ಮಾಣಿ:
ಕಿವಿ ವಿಷಯ ನಂಗೆ ಹೊಳೆದೇ ಇರ್ಲಿಲ್ಲ ಸರ್. ಈಗ ಯೋಚನೆ ಮಾಡಿದ್ರೆ ಫೋನಲ್ಲಿ ಮಾತಾಡುವಾಗ್ಲೂ ಹಾಂ ಹಾಂ ಅಂತಾರೆ, ನೆಟ್‌ವರ್ಕ್ ಸರಿ ಇಲ್ಲ ಅಂದ್ಕೊಂಡಿದ್ದೆ. ಪ್ಲಗ್ ಪಾಯಿಂಟ್ ಐಡಿಯಾಗೆ ಅಮ್ಮ ಈಗ್ಲೇ ಜೈ. ಒಂದು ಡೌಟು, ಇದು ಚಟ ಅಂತ ಡಾಕ್ಟರಿಗೆ ತೋರಿಸೋ ಹಂತ ಯಾವುದು?

ವಾರ್ಡ್ ಸಿಸ್ಟರ್:
ಮೊಬೈಲ್ ಅಡಿಕ್ಷನ್ ಅಂತ ಬಾಯಲ್ಲಿ ಎಲ್ರೂ ಅಂತಾರೆ, ಆದ್ರೆ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11ರಲ್ಲಿ ಗೇಮಿಂಗ್ ಡಿಸಾರ್ಡರ್ (ಗೇಮ್ ಆಡೋ ಚಟ) ಇದೆ, ಮೊಬೈಲ್ ಹೆಸರಲ್ಲಿ ಕಾಯಿಲೆ ಇಲ್ಲ. ಗಂಟೆ ಲೆಕ್ಕ ಹಾಕೋದಕ್ಕಿಂತ ಬೇರೇದು ಗಮನಿಸಿ: ಸ್ನಾನ ಊಟ ತಪ್ಪುತ್ತಾ, ಮೊದಲು ಇಷ್ಟಪಟ್ಟು ಮಾಡ್ತಿದ್ದ ತೋಟದ ಕೆಲಸ ಪೂರ್ತಿ ಬಿಟ್ಟಿದಾರಾ, ಕರೆಂಟೋ ನೆಟ್ಟೋ ಹೋದಾಗ ರೇಗಾಡ್ತಾರಾ, ಬೆಳಗಿನ ಜಾವ ಎಚ್ಚರ ಆಗಿ ಮತ್ತೆ ನಿದ್ದೆ ಬರದೆ ಫೋನ್ ತಗೋತಾರಾ. ಕೊನೇದು ಇದ್ರೆ ಅಸಡ್ಡೆ ಮಾಡ್ಬೇಡಿ, ಮನಸ್ಸಿಗೆ ಬೇಜಾರು ಹಿಡಿದಿದ್ದು ವಯಸ್ಸಾದವರಲ್ಲಿ ಹಾಗೂ ಕಾಣಿಸ್ಕೊಳ್ಳುತ್ತೆ, ಆಗ ಫೋನ್ ಕಿತ್ಕೊಂಡ್ರೆ ಏನೂ ಸರಿಹೋಗಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ, ರಾತ್ರಿನೂ ಇರ್ತಾರೆ. ಬೆಂಗಳೂರಿಗೆ ಕರ್ಕೊಂಡ್ ಬರೋದಾದ್ರೆ ನಿಮ್ಹಾನ್ಸಲ್ಲಿ ಇದಕ್ಕೇ ಅಂತ ಶಟ್ ಕ್ಲಿನಿಕ್ ಇದೆ, 2014ರಲ್ಲಿ ಶುರುವಾಗಿದ್ದು.

ಮತ್ತೆ ಆ ಮೆಂತ್ಯದ ವಿಡಿಯೋ ನೋಡಿ ಬಿಪಿ ಶುಗರ್ ಮಾತ್ರೆ ಬಿಟ್ಟಿದಾರಾ ಅಂತ ಅಮ್ಮನ್ನ ಒಂದ್ಸಲ ಕೇಳಿ. ನಮ್ಮ ವಾರ್ಡಿಗೆ ಹಾಗೆ ಬರೋರು ಇದಾರೆ.

ಘಟ್ಟದ ಕೆಳಗಿನವ:
ಸರಿ ಸರಿ, ಇಯರ್‌ಫೋನ್ ಮಾತು ವಾಪಸ್. ಆದ್ರೂ ಪೂರ್ತಿ ಬಿಡಿಸ್ಬೇಡಿ ಮಾರಾಯ್ರೆ. ಒಂದು ರೇಡಿಯೋ ಕೊಡ್ಸಿ, ಭದ್ರಾವತಿ ಸ್ಟೇಷನ್ ಹಾಕಿ ಕೂತ್ಕೊಳ್ಲಿ.

ಸೆಟ್ಟಿಂಗ್ಸ್ ಶೆಟ್ಟಿ:
ರೇಡಿಯೋನೇ ತಗೊಳ್ಳಿ, ಆಕಾಶವಾಣಿ ಆ್ಯಪ್ ಅಂತ ಮತ್ತೆ ಫೋನಿಗೇ ಹಾಕ್ಬೇಡಿ. ಅಲಾರಮ್ಮಿಗೆ ಬೇರೆ ಗಡಿಯಾರ ಬೇಕೇ ಬೇಕು, ಇಲ್ದಿದ್ರೆ ಅಲಾರಂ ನೆಪದಲ್ಲಿ ಫೋನ್ ಒಳಗೆ ಬಂದೇ ಬರುತ್ತೆ. ಟಿಕ್ ಟಿಕ್ ಅನ್ನೋದು ಮಾತ್ರ ತರಬೇಡಿ, ನಿಮ್ಮಮ್ಮ ಆ ಚಾಪೆ ಮಡಚೋದೇ ಇಲ್ಲ.