ಅಮ್ಮನಿಗೆ ಎದೆಬಡಿತದ ಮಾತ್ರೆ ಶುರುವಾಗಿದೆ, ಅನುಭವ ಇದ್ದವರು ಹೇಳುತ್ತೀರಾ?

ಅಮ್ಮನಿಗೆ 66 ವರ್ಷ. ಎದೆಬಡಿತ ಏರುಪೇರಾಗಿದೆ, ಏಟ್ರಿಯಲ್ ಫಿಬ್ರಿಲೇಷನ್ ಎಂದಿದ್ದಾರೆ. ಎದೆಬಡಿತ ನಿಧಾನ ಮಾಡುವ ಡಿಗಾಕ್ಸಿನ್, ಮೆಟೊಪ್ರೊಲಾಲ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಬರೆದುಕೊಟ್ಟಿದ್ದಾರೆ. ಇಷ್ಟು ಮಾತ್ರೆ ನೋಡಿ ಗಾಬರಿಯಾಗಿದೆ. ಮನೆಯಲ್ಲಿ ಏನೇನು ಗಮನಿಸಬೇಕು, ದಯವಿಟ್ಟು ತಿಳಿಸಿ.

ಉತ್ತರ 1

ನಮ್ಮ ಅತ್ತೆ ಒಂಬತ್ತು ವರ್ಷದಿಂದ ಡಿಗಾಕ್ಸಿನ್, ವಾರ್ಫರಿನ್ ತೆಗೆದುಕೊಳ್ಳುತ್ತಿದ್ದಾರೆ. ನೀರು ಹೋಗುವ ಮಾತ್ರೆಯೂ ಇದೆ. ಚೆನ್ನಾಗಿಯೇ ಇದ್ದಾರೆ, ಗಾಬರಿ ಬೇಡ. ಆದರೆ ಆ ಮಾತ್ರೆಗಳ ಜೊತೆ ಹೊಸದಾಗಿ ಏನು ಸೇರಿದರೂ ಹುಷಾರಾಗಿರಿ.

ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಅವರಿಗೆ ಕೆಮ್ಮು ಬಿಡಲೇ ಇಲ್ಲ. ಮನೆಮದ್ದು ತಾನೇ ಎಂದು ಜ್ಯೇಷ್ಠಮಧು ಕಷಾಯ ಕೊಟ್ಟೆ. ದಿನಕ್ಕೆ ಎರಡು ಲೋಟ, ಮೂರು ವಾರ. ಕೆಮ್ಮು ನಿಂತಿತು, ಆದರೆ ಊಟ ಸೇರದೆ ವಾಕರಿಕೆ ಶುರುವಾಯಿತು. ಪಿತ್ತ ಇರಬೇಕು ಎಂದುಕೊಂಡೆವು. ಒಂದು ಬೆಳಿಗ್ಗೆ "ಗೋಡೆ ಯಾಕೋ ಹಳದಿ ಕಾಣ್ತಿದೆ ಕಣೇ" ಎಂದರು. ನಾಡಿ ಎಣಿಸಿದರೆ ನಿಮಿಷಕ್ಕೆ 44. ಆಸ್ಪತ್ರೆಗೆ ಓಡಿದೆವು. ರಕ್ತದಲ್ಲಿ ಪೊಟ್ಯಾಸಿಯಂ ತುಂಬ ಇಳಿದಿತ್ತು. ನೀರಿನ ಮಾತ್ರೆ ಪೊಟ್ಯಾಸಿಯಂ ಕಳೆಯುತ್ತದೆ, ಜ್ಯೇಷ್ಠಮಧುವೂ ಕಳೆಯುತ್ತದಂತೆ. ಅದು ಇಳಿದಾಗ ದಿನಾ ನುಂಗುವ ಅದೇ ಡಿಗಾಕ್ಸಿನ್ ವಿಷವಾಗಬಹುದು. ನಾಲ್ಕು ದಿನ ಅಡ್ಮಿಟ್ ಆಗಿದ್ದರು. ಕೈಯಾರೆ ಕೊಟ್ಟವಳು ನಾನು, ಅದು ಇನ್ನೂ ಮನಸ್ಸಿನಿಂದ ಹೋಗಿಲ್ಲ. ಊಟ ಬೇಡ ಎಂದರೆ, ವಾಂತಿಯಾದರೆ, ಕಣ್ಣಿಗೆ ಬಣ್ಣ ಬೇರೆ ಕಂಡರೆ ಸುಮ್ನೆ ಕೂರಬೇಡಿ. ಭೇದಿ ಜಾಸ್ತಿಯಾದರೂ ಅಷ್ಟೇ, ಡಾಕ್ಟರಿಗೆ ಫೋನ್ ಮಾಡಿ.

ಇನ್ನು ಸೊಪ್ಪಿನ ವಿಷಯ. ವಾರ್ಫರಿನ್ ಶುರುವಾದಾಗ ಯಾರದೋ ಮಾತು ಕೇಳಿ ಸೊಪ್ಪು ಪೂರ್ತಿ ಬಿಡಿಸಿದ್ದೆ. ಹಾಗೆ ಬಿಡಬೇಡಿ ಎಂದರು ಡಾಕ್ಟರು. ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಮಾತ್ರೆಗೆ ಎದುರಾಗಿ ಕೆಲಸ ಮಾಡುತ್ತದೆ. ಒಂದು ವಾರ ದಿನಾ ನುಗ್ಗೆಸೊಪ್ಪು, ಮುಂದಿನ ವಾರ ಏನೂ ಇಲ್ಲ ಎಂದಾದರೆ ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಎಂದು ತೋರಿಸುವ ರಕ್ತಪರೀಕ್ಷೆಯ ಅಂಕಿ, ಏರಿಳಿಯುತ್ತದೆ. ಅತ್ತೆಗೆ ಅದು 2ರಿಂದ 3ರ ಒಳಗೆ ಇರಬೇಕು ಎಂದಿದ್ದಾರೆ. ಈಗ ವಾರಕ್ಕೆ ಎರಡು ದಿನ ಬಸ್ಸಾರು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ.

ಉತ್ತರ 2

ನನಗೇ ಈ ಕಾಯಿಲೆ ಇದೆ. ಅಕ್ಕ ಹೇಳಿದ್ದು ನಿಜ. ನಾನು ಮಂಡಿನೋವಿಗೆ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಡೈಕ್ಲೋಫೆನಾಕ್ ನುಂಗಿದ್ದೆ. ವಾರ್ಫರಿನ್ ಇದೆ ಎಂದು ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಐದನೇ ದಿನಕ್ಕೆ ಮಲ ಟಾರಿನ ಹಾಗೆ ಕಪ್ಪಾಯಿತು. ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು. ಈಗ ಎಲ್ಲ ಮಾತ್ರೆಯ ಹೆಸರು, ಡೋಸು ಬರೆದ ಚೀಟಿ ಜೇಬಿನಲ್ಲೇ ಇರುತ್ತದೆ. ಹಲ್ಲಿನ ಡಾಕ್ಟರಿಗೂ ಮೊದಲು ಅದನ್ನೇ ತೋರಿಸುತ್ತೇನೆ.

ಮೆಟೊಪ್ರೊಲಾಲ್ ದಿಢೀರ್ ನಿಲ್ಲಿಸಬಾರದು. ಮದುವೆಗೆಂದು ಊರಿಗೆ ಹೋಗಿ ಎರಡು ದಿನ ಮರೆತಿದ್ದೆ, ಎದೆ ಡವಡವ ಹೊಡೆದು ರಾತ್ರಿ ನಿದ್ದೆಯೇ ಇಲ್ಲ. ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗುವುದೂ ತಪ್ಪು. ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿ. ನಮ್ಮಂಥವರ ಬಡಿತ ಒಂದೇ ಸಮ ಇರುವುದಿಲ್ಲ ಅಲ್ವಾ, ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ. ಎಷ್ಟಕ್ಕಿಂತ ಇಳಿದರೆ ಫೋನ್ ಮಾಡಬೇಕು ಎಂದು ಡಾಕ್ಟರ ಹತ್ತಿರ ಈಗಲೇ ಕೇಳಿ ಬರೆದಿಟ್ಟುಕೊಳ್ಳಿ.

ಉತ್ತರ 3

ಒಂದೇ ಸೇರಿಸುತ್ತೇನೆ. ಮುಂದೆ ಅಮಿಯೊಡರೋನ್ ಎಂಬ ಎದೆಬಡಿತದ ಇನ್ನೊಂದು ಮಾತ್ರೆ ಬರೆದರೆ, ವಾರ್ಫರಿನ್ ಮತ್ತು ಡಿಗಾಕ್ಸಿನ್ ಡೋಸು ಕಡಿಮೆ ಮಾಡಬೇಕಾ ಎಂದು ಅಲ್ಲೇ ಕೇಳಿ. ಅದು ಎರಡರ ಪ್ರಭಾವವನ್ನೂ ಹೆಚ್ಚಿಸುತ್ತದೆ. ಅಪ್ಪನಿಗೆ ಅದು ಶುರುವಾದ ಮೇಲೆ ವಾರಕ್ಕೊಮ್ಮೆ ಐಎನ್‌ಆರ್ ನೋಡಿಸಿದೆವು. ಥೈರಾಯ್ಡ್, ಲಿವರ್ ಪರೀಕ್ಷೆ ಆರು ತಿಂಗಳಿಗೊಮ್ಮೆ. ಆ ಮಾತ್ರೆಯಿಂದ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ಹಾಗಾಗಿ ತೋಟಕ್ಕೆ ಹೋಗುವಾಗ ತುಂಬುತೋಳಿನ ಅಂಗಿ ಹಾಕಿಸುತ್ತೇವೆ.